ನಕ್ಷತ್ರಗಳನ್ನು ಅಲ್ಲಗಳೆಯುವ ಮಾತು ಖಳರ ಬಾಯಲ್ಲೇ ಏಕೆ?

ಮಾಳಮಡ್ಡಿ ಓದುಗಿ, ಧಾರವಾಡ:

ನಾವು ಕೆಲವರು ವಾರಕ್ಕೊಮ್ಮೆ ಕೂಡಿ ಶೇಕ್ಸ್‌ಪಿಯರನ ದುರಂತ ನಾಟಕಗಳನ್ನು ಮೂಲದಲ್ಲಿಯೇ ಗಟ್ಟಿಯಾಗಿ ಓದುತ್ತಿದ್ದೇವೆ. 'ಕಿಂಗ್ ಲಿಯರ್' ಓದುವಾಗ ಎದ್ದ ಒಂದು ಚರ್ಚೆ ಇನ್ನೂ ಬಗೆಹರಿದಿಲ್ಲ. ಮೊದಲ ಅಂಕದಲ್ಲಿ ಮುದುಕ ಗ್ಲಾಸ್ಟರ್, ಈಚೆಗೆ ಸಂಭವಿಸಿದ ಸೂರ್ಯಗ್ರಹಣ ಚಂದ್ರಗ್ರಹಣಗಳು ನಮಗೆ ಒಳ್ಳೆಯದನ್ನು ಸೂಚಿಸುವುದಿಲ್ಲ, ತಂದೆ ಮಕ್ಕಳ ನಂಟೇ ಬಿರಿಯುತ್ತಿದೆ ಎಂದು ಹಲುಬಿ ಹೊರಟುಹೋಗುತ್ತಾನೆ. ಅವನು ಬೆನ್ನು ತಿರುಗಿಸಿದ್ದೇ ತಡ, ಅವನಿಗೆ ವಿವಾಹದ ಹೊರಗೆ ಹುಟ್ಟಿದ ಮಗ ಎಡ್ಮಂಡ್, ನಾವೇ ತಂದುಕೊಂಡ ಅನಾಹುತಗಳಿಗೆ ಸೂರ್ಯ, ಚಂದ್ರ, ನಕ್ಷತ್ರಗಳನ್ನು ಹೊಣೆಯಾಗಿಸುವುದು ಲೋಕದ ದೊಡ್ಡ ಮೂರ್ಖತನವೆಂದೂ, ತಾನು ಹುಟ್ಟುವಾಗ ಆಕಾಶದಲ್ಲಿ ಎಂಥ ಪರಿಶುದ್ಧ ತಾರೆ ಮಿನುಗುತ್ತಿದ್ದರೂ ಈಗ ಇರುವಂತೆಯೇ ಇರುತ್ತಿದ್ದೆನೆಂದೂ ಹೇಳುತ್ತಾನೆ.

ಮಗ ಪರೀಕ್ಷೆಯಲ್ಲಿ ಸೋತರೂ ವ್ಯಾಪಾರ ಮುಳುಗಿದರೂ ಸಾಡೇಸಾತಿಯ ಕಡೆ ಕೈ ತೋರಿಸುವ ಮನೆಗಳನ್ನು ಕಂಡಿರುವ ನಮಗೆ ಇದು ಪೂರ್ತಿ ಒಪ್ಪಿಗೆಯಾಗುವ ಮಾತು. ಆದರೆ ಇದನ್ನು ಆಡುವವನು ಅಣ್ಣನನ್ನು ಮನೆ ಬಿಡಿಸಿ, ತಂದೆಯ ಕಣ್ಣು ಕೀಳಿಸುವುದಕ್ಕೆ ಕಾರಣನಾಗುವವನು. 'ಜೂಲಿಯಸ್ ಸೀಸರ್'ನಲ್ಲಿಯೂ ಹೀಗೆಯೇ. ನಾವು ಅಡಿಯಾಳುಗಳಾಗಿರುವ ತಪ್ಪು ನಕ್ಷತ್ರಗಳದ್ದಲ್ಲ, ನಮ್ಮದೇ ಎಂದು ಹೇಳುವ ಕ್ಯಾಸಿಯಸ್ ಬ್ರೂಟಸ್‌ನನ್ನು ಸೀಸರನ ಕೊಲೆಯ ಸಂಚಿಗೆ ಎಳೆಯುತ್ತಿರುತ್ತಾನೆ. ಇತ್ತ ಲಿಯರನ ನಿಷ್ಠಾವಂತ ಸೇವಕ ಕೆಂಟ್, ನಮ್ಮ ಸ್ವಭಾವವನ್ನು ಆಳುವುದು ಮೇಲಿನ ನಕ್ಷತ್ರಗಳೇ ಎನ್ನುತ್ತಾನೆ. ಒಳ್ಳೆಯವರ ಪಾಲಿಗೆ ನಂಬಿಕೆಯನ್ನೂ ಕೆಟ್ಟವರ ಪಾಲಿಗೆ ವಿಚಾರವನ್ನೂ ಹಂಚಿದ ನಾಟಕಕಾರನ ಒಲವು ಯಾವ ಕಡೆಗಿತ್ತು? ಬಲ್ಲವರು ವಿವರಿಸಿದರೆ ಉಪಕಾರವಾಗುತ್ತದೆ.

ಉಣಕಲ್ ಮಾಸ್ತರ, ಹುಬ್ಬಳ್ಳಿ:

ಒಳ್ಳೆಯ ಪ್ರಶ್ನೆ, ಮೇಡಂ. ಮೊದಲು ಗ್ಲಾಸ್ಟರನ ಮಾತಿನ ಹಿನ್ನೆಲೆ ತಿಳಿದಿರಲಿ. 1605ರ ಸೆಪ್ಟೆಂಬರ್‌ನಲ್ಲಿ ಚಂದ್ರಗ್ರಹಣವೂ ಅಕ್ಟೋಬರ್‌ನಲ್ಲಿ ಸೂರ್ಯಗ್ರಹಣವೂ ಆಗಿದ್ದವು. ಅದೇ ನವೆಂಬರ್‌ನಲ್ಲಿ ಪಾರ್ಲಿಮೆಂಟನ್ನು ಸಿಡಿಮದ್ದಿನಿಂದ ಉಡಾಯಿಸುವ ಸಂಚು ಬಯಲಿಗೆ ಬಂತು. ಮರುವರ್ಷ ಡಿಸೆಂಬರ್ 26ರಂದು ಜೇಮ್ಸ್ ದೊರೆಯ ಎದುರಿಗೆ ಈ ನಾಟಕವನ್ನು ಆಡಿದಾಗ, ಗ್ರಹಣದ ಬೆನ್ನಿಗೆ ಅರಮನೆಗಳಲ್ಲಿ ದ್ರೋಹ ಹುಟ್ಟುತ್ತದೆ ಎಂಬ ಮುದುಕನ ಮಾತು ಕೇಳಿ ನಗುವ ಧೈರ್ಯ ಅಲ್ಲಿದ್ದವರಲ್ಲಿ ಎಷ್ಟು ಜನಕ್ಕಿತ್ತೋ.

ಇನ್ನು ಎಡ್ಮಂಡ್. ಅವನನ್ನು ವಿಚಾರವಾದಿ ಎಂದು ಒಪ್ಪಲು ನನ್ನ ಮನಸ್ಸು ಸಿದ್ಧವಿಲ್ಲ. ಆ ದೃಶ್ಯವನ್ನು ಅವನು ಆರಂಭಿಸುವುದೇ ಪ್ರಕೃತಿಯನ್ನು ತನ್ನ ದೇವತೆಯೆಂದು ಕರೆದು. ನಕ್ಷತ್ರ ಯಾವುದಿದ್ದರೂ ತಾನು ಹೀಗೆಯೇ ಇರುತ್ತಿದ್ದೆ ಎನ್ನುವಾಗ ಅವನು ವಿಧಿಯನ್ನು ಅಲ್ಲಗಳೆಯುತ್ತಿಲ್ಲ, ಆಕಾಶದಲ್ಲಿದ್ದ ವಿಧಿಯನ್ನು ಇಳಿಸಿ ತನ್ನ ರಕ್ತದಲ್ಲಿ ಕೂರಿಸುತ್ತಿದ್ದಾನೆ. ತಾನು ಬೇರೆ ಥರದವನಾಗಬಹುದಿತ್ತು ಎಂಬ ಯೋಚನೆಗೆ ಗ್ಲಾಸ್ಟರನಲ್ಲಿ ಎಷ್ಟು ಎಡೆಯಿಲ್ಲವೋ ಅವನಲ್ಲಿಯೂ ಅಷ್ಟೇ ಇಲ್ಲ. ಕೊನೆಯ ಅಂಕದಲ್ಲಿ, ಅಣ್ಣನ ಕತ್ತಿಗೆ ಬಿದ್ದು ಸಾಯುತ್ತಿರುವಾಗ, ಚಕ್ರ ಪೂರ್ತಿ ಸುತ್ತಿ ಬಂದಿತು, ಈಗ ನಾನು ಇಲ್ಲಿದ್ದೇನೆ ಎನ್ನುತ್ತಾನೆ. ಅದಾದ ಮೇಲೆ ಅವನು ಆಡುವ ಮಾತನ್ನು ನಾನು ಇಡೀ ನಾಟಕದ ಗಂಟು ಎಂದು ತಿಳಿದಿದ್ದೇನೆ: ತನ್ನ ಸ್ವಭಾವಕ್ಕೆ ವಿರುದ್ಧವಾಗಿ ಏನಾದರೊಂದು ಒಳ್ಳೆಯದನ್ನು ಮಾಡಲು ಬಯಸುತ್ತೇನೆ ಎಂದು, ಲಿಯರನ ಕಿರಿಯ ಮಗಳು ಕಾರ್ಡೀಲಿಯಾಳನ್ನು ಕೊಲ್ಲಲು ತಾನೇ ಕೊಟ್ಟ ಅಪ್ಪಣೆಯನ್ನು ಹಿಂದೆಗೆಯುತ್ತಾನೆ. ವಿಧಿಯ ಕಟ್ಟನ್ನು ನಿಜವಾಗಿ ಹರಿಯುವುದು ಆ ಒಂದು ಗಳಿಗೆಯಲ್ಲಿ ಮಾತ್ರ. ಆಳು ಓಡಿ ಹೋಗಿ ತಲುಪುವಷ್ಟರಲ್ಲಿ ಅವಳನ್ನು ಗಲ್ಲಿಗೆ ಹಾಕಿ ಆಗಿರುತ್ತದೆ.

ಕೆಂಟ್‌ನ ಮಾತನ್ನೂ ಸಂದರ್ಭದಿಂದ ಕಿತ್ತು ನೋಡಬಾರದು. ಅವನು ಯಾರ ತಪ್ಪನ್ನೂ ಮುಚ್ಚಲು ನಕ್ಷತ್ರಗಳನ್ನು ಕರೆಯುತ್ತಿಲ್ಲ. ಒಂದೇ ತಾಯಿತಂದೆಗೆ ಗಾನರಿಲ್ ಮತ್ತು ರೀಗನ್‌ರಂಥ ಕ್ರೂರ ಅಕ್ಕಂದಿರೂ ಕಾರ್ಡೀಲಿಯಾಳಂಥವಳೂ ಹೇಗೆ ಹುಟ್ಟಿದರು ಎಂಬುದು ತಿಳಿಯದೆ, ಬೆರಗಿನಿಂದ ಹಾಗೆನ್ನುತ್ತಾನೆ. ಆ ದೃಶ್ಯ 1608ರ ಕ್ವಾರ್ಟೋ ಮುದ್ರಣದಲ್ಲಿದೆ (ಈ ನಾಟಕವೊಂದನ್ನೇ ಅಚ್ಚು ಮಾಡಿದ ಚಿಕ್ಕ ಪುಸ್ತಕ), 1623ರ ಫೋಲಿಯೋದಲ್ಲಿ, ಅಂದರೆ ಅವನ ನಾಟಕಗಳ ದೊಡ್ಡ ಸಂಪುಟದಲ್ಲಿ, ಇಡೀ ದೃಶ್ಯವೇ ಇಲ್ಲ. ಆದುದರಿಂದ ಅದೊಂದರ ಮೇಲೆ ನಾಟಕಕಾರನ ನಂಬಿಕೆಯನ್ನು ನಿಲ್ಲಿಸುವುದು ಸರಿಯಲ್ಲ.

ಬೆಟಗೇರಿ ರಂಗಾಸಕ್ತ, ಗದಗ:

ಮಾಸ್ತರರು ಯಾರು, ಯಾವಾಗ ಹೇಳಿದರು ಎಂಬುದನ್ನು ಬಿಡಿಸಿ ತೋರಿಸಿದ್ದಾರೆ. ನನಗೆ ಹೇಳಬೇಕೆನಿಸುವುದು ಅದನ್ನು ಎಲ್ಲಿ ನಿಂತು ಹೇಳಿದರು ಎಂಬುದು. ನಮ್ಮ ಕಡೆಯ ದೊಡ್ಡಾಟವನ್ನು ರಾತ್ರಿ ಊಟದ ಮೇಲೆ ಆರಂಭಿಸಿ ಬೆಳಕು ಹರಿಯುವವರೆಗೆ ಆಡುತ್ತಾರೆ, ಆದ್ದರಿಂದ ಕಥೆಗೆ ಬೇಕಾದ ಕತ್ತಲೆ ಅಲ್ಲಿ ತಾನಾಗಿಯೇ ಇರುತ್ತದೆ. 1599ರಲ್ಲಿ ಕಟ್ಟಿದ ಗ್ಲೋಬ್ ರಂಗಮಂದಿರಕ್ಕೆ ನಡುವೆ ಮಾಡು ಇರಲಿಲ್ಲ, ಆಟ ನಡೆಯುತ್ತಿದ್ದುದು ಮಧ್ಯಾಹ್ನದ ಬಿಸಿಲಿನಲ್ಲಿ. ನಟ ಪಂಜು ಹಿಡಿದು ಬಂದನೆಂದರೆ ಅದು ರಾತ್ರಿ ಎಂದು ಪ್ರೇಕ್ಷಕರು ತಿಳಿದುಕೊಳ್ಳಬೇಕಿತ್ತು. ಮಿಕ್ಕ ಕತ್ತಲೆಯನ್ನೆಲ್ಲ ಮಾತಿನಿಂದಲೇ ತರಬೇಕಿತ್ತು.

'ಮ್ಯಾಕ್‌ಬೆತ್' ಈ ಕೆಲಸವನ್ನು ಮಾಡಿದಷ್ಟು ತೀವ್ರವಾಗಿ ಬೇರೆ ಯಾವ ನಾಟಕವೂ ಮಾಡಿಲ್ಲವೆಂದು ನನ್ನ ಅಭಿಪ್ರಾಯ. ಡಂಕನ್ ದೊರೆ ತನ್ನ ಸರದಾರರಿಗೆ, ಅರ್ಹರಾದ ಎಲ್ಲರ ಮೇಲೂ ಗೌರವದ ಚಿಹ್ನೆಗಳು ನಕ್ಷತ್ರಗಳಂತೆ ಹೊಳೆಯುವುವು ಎಂದು ಮಾತು ಕೊಡುತ್ತಾನೆ. ಅದೇ ದೃಶ್ಯದಲ್ಲಿ, ಹತ್ತು ಹನ್ನೆರಡು ಸಾಲು ದಾಟುವಷ್ಟರಲ್ಲಿ, ನಕ್ಷತ್ರಗಳೇ ನಿಮ್ಮ ಬೆಂಕಿಯನ್ನು ಮುಚ್ಚಿಕೊಳ್ಳಿ, ನನ್ನ ಕಪ್ಪು ಬಯಕೆಗಳು ಬೆಳಕಿನ ಕಣ್ಣಿಗೆ ಬೀಳದಿರಲಿ ಎಂದು ಮ್ಯಾಕ್‌ಬೆತ್ ಬೇಡಿಕೊಳ್ಳುತ್ತಾನೆ. ಇಲ್ಲಿ ನಕ್ಷತ್ರಗಳು ಅವನನ್ನು ಎಲ್ಲಿಗೂ ನೂಕುವುದಿಲ್ಲ, ಅವು ನೋಡುವ ಸಾಕ್ಷಿಗಳು, ಮತ್ತು ಅವನಿಗೆ ಸಾಕ್ಷಿಗಳು ಬೇಡವಾಗಿದ್ದಾರೆ. ಅವನು ಡಂಕನ್‌ನನ್ನು ಕೊಲ್ಲುವ ರಾತ್ರಿ, ಜೊತೆಯ ಸರದಾರ ಬ್ಯಾಂಕೋ ಮೇಲೆ ನೋಡಿ, ಸ್ವರ್ಗದಲ್ಲಿಯೂ ಉಳಿತಾಯ ನಡೆದಿದೆ, ಅವರ ದೀಪಗಳೆಲ್ಲ ಆರಿವೆ ಎನ್ನುತ್ತಾನೆ. ಮ್ಯಾಕ್‌ಬೆತ್ ಬೇಡಿದ್ದು ಅವನಿಗೆ ಸಿಕ್ಕಿದೆ. ಮರುದಿನ ಗಡಿಯಾರದ ಪ್ರಕಾರ ಹಗಲಾದರೂ ಸೂರ್ಯ ಕಾಣಿಸುವುದಿಲ್ಲ. ಆ ಮಾತನ್ನು ನಟ ಹೇಳುವಾಗ ಪ್ರೇಕ್ಷಕರ ನೆತ್ತಿಯ ಮೇಲೆ ನಿಜವಾದ ಬಿಸಿಲು ಇದ್ದಿರಬಹುದು. ದಟ್ಟ ಇರುಳೇ ಬಾ ಎಂದು ಕರೆದಿದ್ದ ಮ್ಯಾಕ್‌ಬೆತ್‌ನ ಹೆಂಡತಿ ಕಡೆಗೆ ನಿದ್ದೆಯಲ್ಲಿ ನಡೆಯುವಾಗ, ಅವಳ ಬಳಿ ಸದಾ ದೀಪ ಉರಿಯುತ್ತಿರಬೇಕೆಂಬುದು ಅವಳದೇ ಅಪ್ಪಣೆ ಎಂದು ದಾಸಿ ವೈದ್ಯನಿಗೆ ತಿಳಿಸುತ್ತಾಳೆ.

ಕನ್ನಡದ ಓದುಗರಿಗೆ ಇಲ್ಲಿ ರನ್ನನ ಗದಾಯುದ್ಧ ನೆನಪಾಗದೆ ಇರದು. ಅಲ್ಲಿ ಕುರುಕುಲದ ಸೂರ್ಯನೂ ಆಕಾಶದ ಸೂರ್ಯನೂ ಒಟ್ಟಿಗೆ ಮುಳುಗುತ್ತಾರೆ, ದುರ್ಯೋಧನನ ಜೊತೆಗೆ ಪ್ರಕೃತಿಯೂ ಇಳಿಯುತ್ತದೆ. ಮ್ಯಾಕ್‌ಬೆತ್‌ನಿಗೆ ಅಂಥ ಜೊತೆಗಾರಿಕೆಯನ್ನು ಪ್ರಕೃತಿ ಕೊಡುವುದಿಲ್ಲ.

ರಾಣೆಬೆನ್ನೂರಿನ ಓದುಗ, ಹಾವೇರಿ ಜಿಲ್ಲೆ:

ಚರ್ಚೆ ಶೇಕ್ಸ್‌ಪಿಯರನಲ್ಲಿಯೇ ನಿಂತಿದೆ. ಅವನ ಸಮಕಾಲೀನ ನಾಟಕಕಾರ ಮಾರ್ಲೋನ ಡಾಕ್ಟರ್ ಫೌಸ್ಟಸ್ ತನ್ನ ರಕ್ತದಿಂದಲೇ ಸೈತಾನನಿಗೆ ಕರಾರುಪತ್ರ ಬರೆದುಕೊಟ್ಟು, ಕೊನೆಯ ಗಂಟೆಯಲ್ಲಿ ತನ್ನ ಜನ್ಮಕಾಲದ ನಕ್ಷತ್ರಗಳನ್ನು ಕರೆದು ದೂರುತ್ತಾನೆ. ಅದನ್ನು ಎಲ್ಲರೂ ಬಲ್ಲರು. ಅಷ್ಟಾಗಿ ಚರ್ಚೆಗೆ ಬಾರದಿರುವುದು 1614ರೊಳಗೆ ರಂಗಕ್ಕೆ ಬಂದ ವೆಬ್‌ಸ್ಟರನ 'ಡಚೆಸ್ ಆಫ್ ಮಾಲ್ಫಿ'. ಮೇಡಂ ಕೇಳಿದ ಪ್ರಶ್ನೆಗೆ ಅಲ್ಲೊಂದು ನೇರವಾದ ಸಾಮಗ್ರಿ ಇದೆ.

ವಿಧವೆಯಾದ ಡಚೆಸ್ ತನ್ನ ಮನೆಯ ಮೇಲ್ವಿಚಾರಕ ಆಂಟೋನಿಯೋನನ್ನು ಗುಟ್ಟಾಗಿ ಮದುವೆಯಾಗಿದ್ದಾಳೆ. ಮೊದಲ ಮಗು ಹುಟ್ಟಿದ ರಾತ್ರಿ ಆಂಟೋನಿಯೋ ಅದರ ಜಾತಕ ಬರೆಸಿ, ಕತ್ತಲೆಯಲ್ಲಿ ಆ ಕಾಗದವನ್ನು ಬೀಳಿಸಿಕೊಳ್ಳುತ್ತಾನೆ. ಅದು ಬೊಸೋಲಾ ಎಂಬ ಗೂಢಚಾರನ ಕೈಗೆ ಸಿಗುತ್ತದೆ. ಮಗುವಿಗೆ ಅಲ್ಪಾಯುಷ್ಯ, ಎಂಟನೆಯ ಮನೆಯಲ್ಲಿ ಕುಜನು ಕೇತುವಿನೊಡನೆ ಕೂಡಿರುವುದರಿಂದ ಘೋರ ಮರಣ ಎಂದು ಅದರಲ್ಲಿ ಬರೆದಿದೆ. ಈ ಕಾಗದದಿಂದಲೇ ಹೆರಿಗೆಯ ಗುಟ್ಟು ಡಚೆಸ್‌ಳ ಅಣ್ಣತಮ್ಮಂದಿರಿಗೆ ತಿಳಿದು, ಮುಂದಿನ ಎಲ್ಲ ಕೊಲೆಗಳಿಗೂ ದಾರಿಯಾಗುತ್ತದೆ. ತಾಯಿ ಸತ್ತಳು, ತಂದೆ ಸತ್ತನು, ಜಾತಕವೇ ಇಲ್ಲದ ಕಿರಿಯ ಮಕ್ಕಳಿಬ್ಬರೂ ಸತ್ತರು. ನಾಟಕ ಮುಗಿಯುವಾಗ ಜೀವಂತವಾಗಿ ರಂಗದ ಮೇಲೆ ಬರುವವನು ಘೋರ ಮರಣದ ಜಾತಕ ಹೊತ್ತ ಆ ಹಿರಿಯ ಮಗನೇ. ಗ್ರಹಗಳು ಏನನ್ನೂ ಮಾಡಲಿಲ್ಲ, ಗ್ರಹಗಳ ಬಗ್ಗೆ ಬರೆದಿಟ್ಟ ಕಾಗದ ಎಲ್ಲವನ್ನೂ ಮಾಡಿತು.

ಬೆಟಗೇರಿಯವರು ಹೇಳಿದ ಕತ್ತಲೆ ಇಲ್ಲಿ ಬೇರೆ ಬಗೆಯದು. ಈ ನಾಟಕ ಗ್ಲೋಬ್‌ನಲ್ಲಿ ಮಾತ್ರವಲ್ಲದೆ ಬ್ಲ್ಯಾಕ್‌ಫ್ರೈಯರ್ಸ್‌ನ ಒಳಾಂಗಣದಲ್ಲಿ, ಮೇಣದ ಬತ್ತಿಯ ಬೆಳಕಿನಲ್ಲಿಯೂ ನಡೆಯಿತು. ಡಚೆಸ್‌ಳ ಮುಖ ನೋಡೆನೆಂದು ಆಣೆ ಮಾಡಿದ ಅವಳ ಅವಳಿ ಸೋದರ ಫರ್ಡಿನಂಡ್ ದೀಪಗಳನ್ನು ತೆಗೆಸಿ, ತನ್ನ ಕೈಯೆಂದು ನಂಬಿಸಿ ಹೆಣದ ಕೈಯನ್ನು ಅವಳಿಗೆ ಹಿಡಿಸುತ್ತಾನೆ. ನಕ್ಷತ್ರಗಳಿಗೂ ಶಾಪ ಹಾಕಬಲ್ಲೆ ಎಂದು ಅವಳು ಸಿಡಿದಾಗ, ನೋಡು, ಅವು ಇನ್ನೂ ಹೊಳೆಯುತ್ತಿವೆ ಎಂದು ಬೊಸೋಲಾ ಉತ್ತರಿಸುತ್ತಾನೆ. ಅದೇ ಬೊಸೋಲಾ ಐದನೆಯ ಅಂಕದಲ್ಲಿ, ಉಳಿಸಬೇಕೆಂದಿದ್ದ ಆಂಟೋನಿಯೋನನ್ನೇ ಕತ್ತಲಲ್ಲಿ ಬೇರೆಯವನೆಂದು ತಿಳಿದು ಇರಿದ ಮೇಲೆ, ನಾವು ನಕ್ಷತ್ರಗಳು ಹೊಡೆದು ಆಟವಾಡುವ ಚೆಂಡುಗಳು ಎಂದುಬಿಡುತ್ತಾನೆ. ಕೈ ಅವನದು, ಚೂರಿ ಅವನದು. ಆ ಸಾಲನ್ನು ವೆಬ್‌ಸ್ಟರನ ತತ್ವವೆಂದು ಎತ್ತಿ ಹೇಳುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ಮಾಳಮಡ್ಡಿ ಓದುಗಿ, ಧಾರವಾಡ:

ಮೂವರಿಗೂ ಕೃತಜ್ಞಳಾಗಿದ್ದೇನೆ. ಎಡ್ಮಂಡ್‌ನ ಬಗ್ಗೆ ಮಾಸ್ತರರ ವಿವರಣೆ ನನಗೆ ಒಪ್ಪಿಗೆಯಾಯಿತು. ಆದರೆ ಕ್ಯಾಸಿಯಸ್ ಎಡ್ಮಂಡ್‌ನಂಥವನಲ್ಲ. ಅವನ ಮಾತಿನಲ್ಲಿ ಸ್ವಾತಂತ್ರ್ಯದ ನಿಜವಾದ ಹಂಬಲವಿದೆ, ಸಂಚಿಗಾಗಿ ಆಡಿದ್ದು ಎಂಬ ಒಂದೇ ಕಾರಣಕ್ಕೆ ಅದನ್ನು ಸುಳ್ಳೆನ್ನಲಾಗದು. ಅವನನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು?

ಉಣಕಲ್ ಮಾಸ್ತರ, ಹುಬ್ಬಳ್ಳಿ:

ನೀವು ಹೇಳಿದ್ದು ಸರಿ, ಆ ಹಂಬಲ ನಿಜ. ಅವನನ್ನು ತಿಳಿಯಲು ಎರಡು ಕಡೆ ನಿಧಾನವಾಗಿ ಓದಿ. ಎರಡನೆಯ ಅಂಕದ ಆರಂಭದಲ್ಲಿ ಬ್ರೂಟಸ್ ನಕ್ಷತ್ರಗಳ ಚಲನೆಯಿಂದ ಹೊತ್ತು ಎಷ್ಟಾಯಿತೆಂದು ಎಣಿಸಲಾರದೆ ತೋಟದಲ್ಲಿ ತಡವರಿಸುತ್ತಿದ್ದಾನೆ. ಆ ರಾತ್ರಿ ಆಕಾಶದಲ್ಲಿ ಉಲ್ಕೆಗಳು ಹಾರುತ್ತಿವೆ, ಅವುಗಳ ಬೆಳಕಿನಲ್ಲಿಯೇ ಅವನು ಕಿಟಕಿಯ ಬಳಿ ಸಿಕ್ಕ ಪತ್ರವನ್ನು ಓದುತ್ತಾನೆ. ರೋಮ್‌ನ ಜನ ಬರೆದರೆಂದು ಅವನು ನಂಬುವ ಆ ಪತ್ರ ಕ್ಯಾಸಿಯಸ್ ಬರೆದು ಹಾಕಿಸಿದ್ದು.

ಇನ್ನೊಂದು ಐದನೆಯ ಅಂಕ. ಫಿಲಿಪ್ಪಿಯ ಯುದ್ಧದ ದಿನ ಕ್ಯಾಸಿಯಸ್‌ನ ಹುಟ್ಟುಹಬ್ಬ. ತಾನು ಶಕುನಗಳನ್ನು ನಂಬದ ಗ್ರೀಕ್ ತತ್ವಜ್ಞಾನಿ ಎಪಿಕ್ಯೂರಸ್‌ನ ಮತವನ್ನು ಬಲವಾಗಿ ಹಿಡಿದಿದ್ದವನು, ಈಗ ಮನಸ್ಸು ಬದಲಾಗಿದೆ, ಶಕುನಗಳನ್ನು ತುಸು ನಂಬತೊಡಗಿದ್ದೇನೆ ಎಂದು ಅವನು ತನ್ನ ಕಡೆಯ ಮೆಸ್ಸಾಲಾನಿಗೆ ಹೇಳುತ್ತಾನೆ. ದಾರಿಯುದ್ದಕ್ಕೂ ಸೈನಿಕರ ಕೈಯಿಂದ ತಿನ್ನುತ್ತ ಬಂದ ಎರಡು ಹದ್ದುಗಳು ಹಾರಿಹೋಗಿ, ಅವುಗಳ ಜಾಗದಲ್ಲಿ ಕಾಗೆಗಳೂ ಗಿಡುಗಗಳೂ ಸುತ್ತುತ್ತಿವೆ. ಆಮೇಲೆ ಅವನು ಸಾಯುವುದು ಶಕುನದಿಂದಲ್ಲ. ಅವನ ದೃಷ್ಟಿ ಮಂದ. ಗುಡ್ಡದ ಮೇಲೆ ನಿಂತ ಆಳು ಪಿಂಡಾರಸ್, ಸುದ್ದಿ ತರಲು ಹೋದ ಗೆಳೆಯ ಟಿಟಿನಿಯಸ್‌ನನ್ನು ಕುದುರೆ ಸವಾರರು ಸುತ್ತುವರಿದರು, ಕೂಗು ಕೇಳುತ್ತಿದೆ, ಸೆರೆಸಿಕ್ಕ ಎನ್ನುತ್ತಾನೆ. ಸುತ್ತುವರಿದವರು ಗೆಳೆಯರು, ಆ ಕೂಗು ಗೆಲುವಿನದು. ಯಾರನ್ನಾದರೂ ಕಳಿಸಿ ವಿಚಾರಿಸುವಷ್ಟು ಹೊತ್ತು ಕ್ಯಾಸಿಯಸ್ ಕಾಯುವುದಿಲ್ಲ, ಸೀಸರನನ್ನು ಇರಿದ ಕತ್ತಿಯನ್ನೇ ಪಿಂಡಾರಸ್‌ನ ಕೈಗಿಟ್ಟು ತನ್ನನ್ನು ಇರಿಯಲು ಹೇಳುತ್ತಾನೆ.