ಅತ್ತೆಯವರ ವೀಣೆ ಮಾರಬೇಕಿದೆ: ಹಣ ಪಡೆಯುವಾಗ ಮೋಸಹೋಗದಂತೆ ನೀವು ಏನು ಮಾಡಿದಿರಿ?

ತುಮಕೂರಿನ ಗೃಹಿಣಿ (ಪ್ರಶ್ನೆ)

ನಮ್ಮ ಅತ್ತೆಯವರು ಮೂವತ್ತು ವರ್ಷ ನುಡಿಸಿದ ತಂಜಾವೂರು ವೀಣೆ ನಮ್ಮಲ್ಲಿದೆ. ಅವರು ತೀರಿಕೊಂಡ ಮೇಲೆ ಅದನ್ನು ಮುಟ್ಟುವವರಿಲ್ಲದೆ ಮೇಣ ಒಣಗಿ, ಅದರಲ್ಲಿ ಕೂರಿಸಿದ ಎರಡು ಮೆಟ್ಟಿಲು (ತಂತಿಗಳ ಕೆಳಗಿನ ಲೋಹದ ಪಟ್ಟಿಗಳು) ಸಡಿಲವಾಗಿವೆ. ಕಲಿಯುವವರ ಮನೆ ಸೇರಲಿ ಎಂದು 28,000 ರೂಪಾಯಿಗೆ ಆನ್‌ಲೈನಿನಲ್ಲಿ ಜಾಹೀರಾತು ಹಾಕಿದೆ. ಒಂದು ಗಂಟೆಯೊಳಗೆ ಒಬ್ಬರು ಕರೆ ಮಾಡಿದರು. ತಾವು ಸೈನ್ಯದಲ್ಲಿದ್ದೇವೆ, ವೀಣೆಯನ್ನು ನೋಡುವ ಅಗತ್ಯವಿಲ್ಲ, ಪೂರ್ತಿ ಹಣ ಈಗಲೇ ಕೊಡುತ್ತೇವೆ ಎಂದು ಹೇಳಿ, ಗುರುತಿನ ಚೀಟಿಯ ಚಿತ್ರವನ್ನೂ ಒಂದು ಕ್ಯೂಆರ್ ಕೋಡನ್ನೂ ಕಳುಹಿಸಿದ್ದಾರೆ. ಇನ್ನೊಬ್ಬರು ಶಿವಮೊಗ್ಗದವರು, ಮಗಳಿಗಾಗಿ ಕೇಳುತ್ತಿದ್ದಾರೆ. ಅವರು ಚೌಕಾಸಿ ಮಾಡಿ 24,000ಕ್ಕೆ ನಿಂತಿದ್ದಾರೆ. ಯಾರನ್ನು ನಂಬಲಿ, ಹಣವನ್ನು ಹೇಗೆ ಪಡೆಯಲಿ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಗೌರಿಬಿದನೂರಿನಿಂದ, ಹಾರ್ಮೋನಿಯಂ ಮಾರಲು ಹೋದವನು

ಅಕ್ಕ, ನನ್ನ ಕಥೆಯನ್ನು ಪೂರ್ತಿ ಓದಿ. ನಮ್ಮ ತಂದೆ ಭಜನೆಗೆ ನುಡಿಸುತ್ತಿದ್ದ ಎರಡು ಸಾಲು ರೀಡಿನ ಹಾರ್ಮೋನಿಯಂಗೆ ನಾನು 14,500 ಹೇಳಿದ್ದೆ. ನನಗೂ ಸೈನ್ಯದ ಹೆಸರಿನಲ್ಲಿಯೇ ಕರೆ ಬಂತು. ಮೊದಲು ಹತ್ತು ರೂಪಾಯಿಯ ಪರೀಕ್ಷೆ ಮಾಡೋಣ ಎಂದು ಆತ ಹೇಳಿದ, ಹತ್ತು ರೂಪಾಯಿ ನಿಜವಾಗಿಯೂ ನನ್ನ ಖಾತೆಗೆ ಬಂತು. ನನ್ನನ್ನು ಕೆಡಿಸಿದ್ದು ಆ ಹತ್ತು ರೂಪಾಯಿಯೇ. ಆಮೇಲೆ ಕಳುಹಿಸಿದ ಕೋಡನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿದೆ, 14,500 ಹೋಯಿತು. ಅಯ್ಯೋ, ಸರ್ವರ್ ತೊಂದರೆ, ಇನ್ನೊಮ್ಮೆ ಮಾಡಿದರೆ ಎರಡೂ ಒಟ್ಟಿಗೆ ವಾಪಸಾಗುತ್ತವೆ ಎಂದ. ಕರೆಯನ್ನು ಕಡಿಯಲು ಬಿಡದೆ ಒಂದೇ ಸಮನೆ ಮಾತನಾಡುತ್ತಿದ್ದ, ನಾನು ಮತ್ತೆ ಒತ್ತಿದೆ. ಒಟ್ಟು 29,000.

ನಾಳೆ ಬರುತ್ತದೆ ಎಂಬ ಅವನ ಮಾತು ನಂಬಿ ಎರಡು ದಿನ ಕಾದೆ, ಮೂರನೆಯ ದಿನ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದೆ. ಅಷ್ಟರಲ್ಲಿ ಹಣ ನಾಲ್ಕು ಖಾತೆಗಳನ್ನು ದಾಟಿತ್ತು, ಕೊನೆಯದರಲ್ಲಿ ತಡೆಹಿಡಿಯಲು ಸಿಕ್ಕಿದ್ದು 6,200 ಮಾತ್ರ. ಚಿಕ್ಕಬಳ್ಳಾಪುರದ ಸೈಬರ್ ಠಾಣೆಗೆ ಐದು ಸಲ ಹೋಗಿ ಬಂದೆ. ಐದು ದಿನದ ಕೂಲಿ ಹೋಯಿತು. ಬಸ್ಸು, ಊಟ, ಜೆರಾಕ್ಸ್ ಸೇರಿ 1,340 ರೂಪಾಯಿ, ಅರ್ಜಿ ಬರೆದ ವಕೀಲರಿಗೆ 2,000. ನ್ಯಾಯಾಲಯದ ಆದೇಶವಾಗಿ ಆ 6,200 ಕೈಗೆ ಬರಲು ಏಳು ತಿಂಗಳು ಹಿಡಿಯಿತು. ಬ್ಯಾಂಕಿನವರನ್ನು ಕೇಳಿದರೆ, ಪಿನ್ ಒತ್ತಿದವರು ನೀವೇ ಆದ್ದರಿಂದ ದೂರು ಕೊಡುವವರೆಗಿನ ನಷ್ಟ ನಿಮ್ಮದೇ ಎಂದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯನ್ನು ತೋರಿಸಿದರು.

ಕೋಲಾರದಿಂದ, ಮೃದಂಗದ ಮೇಷ್ಟರು

ನಾನು ಎರಡು ಹಲಸಿನ ಮರದ ಮೃದಂಗಗಳನ್ನು ಮಾರಿದ್ದೇನೆ, ಒಂದು 9,000ಕ್ಕೆ, ಇನ್ನೊಂದು 12,500ಕ್ಕೆ. ಒಂದು ರೂಪಾಯಿಯೂ ಕಳೆದಿಲ್ಲ, ಏಕೆಂದರೆ ನಾನು ಫೋನಿನಲ್ಲಿ ಹಣ ಮುಟ್ಟುವುದೇ ಇಲ್ಲ. ಕೊಳ್ಳುವವರನ್ನು ನನ್ನ ಖಾತೆಯಿರುವ ಬ್ಯಾಂಕಿಗೇ ಕರೆಸುತ್ತೇನೆ. ಅವರು ನಗದನ್ನು ಕೌಂಟರಿನಲ್ಲಿ ಕೊಡುತ್ತಾರೆ, ಅಲ್ಲಿಯ ಯಂತ್ರ ಎಣಿಸುತ್ತದೆ, ಖೋಟಾ ನೋಟಿದ್ದರೆ ಅಲ್ಲಿಯೇ ಸಿಕ್ಕಿಬೀಳುತ್ತದೆ, ಮುದ್ರೆ ಬಿದ್ದ ಚಲನ್ ಕೈಗೆ ಬಂದ ಮೇಲೆ ಮೃದಂಗದ ಚೀಲವನ್ನು ಅವರ ಹೆಗಲಿಗೆ ಹಾಕುತ್ತೇನೆ. ಮೊದಲ ಸಲ ಎರಡನೆಯ ಶನಿವಾರ ಎಂಬುದನ್ನು ಮರೆತು ಮುಳಬಾಗಿಲಿನವರನ್ನು ಕರೆಸಿದ್ದೆ, ಬ್ಯಾಂಕು ಮುಚ್ಚಿತ್ತು. ಅವರು ಸೋಮವಾರ ಮತ್ತೆ ಬಂದರು, ಪೆಟ್ರೋಲ್ ಖರ್ಚೆಂದು 500 ಕಡಿಮೆ ಮಾಡಿ ಎಂದರು, 300 ಬಿಟ್ಟುಕೊಟ್ಟೆ. ನನಗಾದ ನಷ್ಟ ಇಷ್ಟೇ.

ಹಣ ಬರಬೇಕಾದರೆ ಪಿನ್ ಒತ್ತಬೇಕಾಗಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಅದೂ ಎರಡನೆಯ ಸಲ ಒತ್ತುವುದೆಂದರೆ ಏನು ಹೇಳುವುದು!

ಗೌರಿಬಿದನೂರಿನಿಂದ

ಮೇಷ್ಟ್ರೇ, ನಾನು ಬುದ್ಧಿ ಕೇಳಲು ಇಲ್ಲಿಗೆ ಬರಲಿಲ್ಲ, ಆ ಅಕ್ಕನಿಗೆ ಆಗುವುದು ತಪ್ಪಲಿ ಎಂದು ನನ್ನ ಗಾಯವನ್ನು ತೆರೆದು ತೋರಿಸಿದ್ದೇನೆ. ಪಿನ್ ವಿಷಯ ನನಗೂ ಗೊತ್ತಿತ್ತು. ಗೊತ್ತಿದ್ದವನನ್ನೂ ಹತ್ತು ರೂಪಾಯಿ ಕೊಟ್ಟು, ಯೋಚನೆ ಮಾಡಲು ಬಿಡದೆ ಮಾತಿನಲ್ಲಿ ಕಟ್ಟಿಹಾಕುತ್ತಾರೆ ಎಂಬುದೇ ನಾನು ಹೇಳಿದ ವಿಷಯ.

ತಿಪಟೂರಿನಿಂದ, ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವವನು

ಮುಖಾಮುಖಿ ಮಾರಿದರೆ ಮೋಸವಿಲ್ಲ ಎಂದುಕೊಂಡವರು ಇದನ್ನು ಓದಬೇಕು. ನನ್ನ ಕೀಬೋರ್ಡಿಗೆ 22,000 ಎಂದು ಮಾತಾಗಿತ್ತು. ಇಬ್ಬರು ಕಾರಿನಲ್ಲಿ ಮನೆಗೇ ಬಂದರು. ಒಬ್ಬ ಕುಳಿತು ಅರ್ಧ ಗಂಟೆ ನುಡಿಸಿದ, ಚೆನ್ನಾಗಿಯೇ ನುಡಿಸಿದ. ನನ್ನ ಕೋಡನ್ನು ಅವನ ಫೋನಿನಿಂದ ಸ್ಕ್ಯಾನ್ ಮಾಡಿ ಹಸಿರು ಗುರುತು, ನನ್ನ ಹೆಸರು, ಮೊತ್ತ ಎಲ್ಲವನ್ನೂ ತೋರಿಸಿದ. ನನ್ನ ಫೋನಿಗೆ ಹಣ ಜಮೆಯಾಗಿದೆ ಎಂಬ ಸಂದೇಶವೂ ಬಂತು. ಅಡಾಪ್ಟರ್, ಸ್ಟ್ಯಾಂಡ್, ಪೆಡಲ್ ಎಲ್ಲವನ್ನೂ ನಾನೇ ಕಾರಿಗೆ ಇಟ್ಟೆ, ಕಾಫಿ ಕೊಟ್ಟು ಕಳುಹಿಸಿದೆ.

ರಾತ್ರಿ ಬ್ಯಾಂಕಿನ ಆ್ಯಪ್ ತೆರೆದು ನೋಡಿದರೆ ಬಾಕಿ ಬೆಳಿಗ್ಗೆ ಇದ್ದಷ್ಟೇ ಇತ್ತು. ಅವನು ತೋರಿಸಿದ್ದು ಪಾವತಿಯ ಪರದೆಯನ್ನು ಹೋಲುವ ನಕಲಿ ಆ್ಯಪ್. ಸಂದೇಶ ಬಂದದ್ದು ಬ್ಯಾಂಕಿನ ಅಕ್ಷರಗಳಿರುವ ಹೆಸರಿನಿಂದಲ್ಲ, ಹತ್ತು ಅಂಕಿಯ ಮಾಮೂಲಿ ಮೊಬೈಲ್ ಸಂಖ್ಯೆಯಿಂದ. ಅದನ್ನು ಆಗಲೇ ನೋಡಿದ್ದರೆ ಸಾಕಿತ್ತು. ಆ ತಿಂಗಳು ಎರಡು ಮದುವೆ ಕಾರ್ಯಕ್ರಮಗಳಿಗೆ ಬಾಡಿಗೆ ಕೀಬೋರ್ಡ್ ತಂದು 3,000 ಕೊಟ್ಟೆ. ಇಂದು ಯಾರೇ ಬರಲಿ, ನನ್ನ ಫೋನಿನಲ್ಲಿ ನನ್ನ ಖಾತೆಯ ಬಾಕಿಯನ್ನು ನಾನೇ ನೋಡುವವರೆಗೂ ಪ್ಲಗ್ ಕೂಡ ಕಳಚುವುದಿಲ್ಲ.

ಶಿಡ್ಲಘಟ್ಟದಿಂದ, ಮಗಳ ಪಿಟೀಲು ಮಾರಿದ ತಾಯಿ

ನನಗೆ ಹಣ ನಿಜವಾಗಿಯೇ ಬಂದಿತ್ತು, 16,000. ಬಾಕಿ ನೋಡಿದೆ, ಪಾಸ್‌ಬುಕ್ಕಿನಲ್ಲಿ ನಮೂದನ್ನೂ ಹಾಕಿಸಿದೆ, ಆಮೇಲೆಯೇ ಪಿಟೀಲು ಕೊಟ್ಟೆ. ಹನ್ನೊಂದನೆಯ ದಿನ ಖಾತೆಗೆ ತಡೆ ಬಿತ್ತು. ಕೊಂಡುಕೊಂಡವನು ಹಣವನ್ನು ತನ್ನ ಖಾತೆಯಿಂದ ಕಳುಹಿಸಿರಲಿಲ್ಲ. ಬೇರೆ ರಾಜ್ಯದಲ್ಲಿ ಯಾರನ್ನೋ ವಂಚಿಸಿದ ಹಣವನ್ನು ಯಾರದೋ ಖಾತೆಯ ಮೂಲಕ ನನಗೆ ದಾಟಿಸಿ, ಪಿಟೀಲು ತೆಗೆದುಕೊಂಡು ಹೋಗಿದ್ದ. ಹಣ ಕಳೆದುಕೊಂಡವರು ಕೊಟ್ಟ ದೂರಿನ ಜಾಡು ನನ್ನವರೆಗೂ ಬಂತು.

ನಮ್ಮದು ರೇಷ್ಮೆ ನೂಲು ತೆಗೆಯುವ ಮನೆ. ಗೂಡಿನ ಮಾರುಕಟ್ಟೆಗೆ ಹಣ ಹೋಗುವುದು ಅದೇ ಖಾತೆಯಿಂದ. ಇಪ್ಪತ್ತಾರು ದಿನ ನಮ್ಮವರು ಹರಾಜಿನಲ್ಲಿ ಕೂಗಲಾಗಲಿಲ್ಲ. ಕೆಲಸದವರಿಗೆ ಕೂಲಿ ಕೊಡಲು ನನ್ನ ಬಳೆ ಅಡವಿಟ್ಟು 40,000 ತಂದೆವು, ಬಡ್ಡಿ ಬೇರೆ. ಜಾಹೀರಾತಿನ ಪ್ರತಿ, ಅವನೊಡನೆ ನಡೆದ ವಾಟ್ಸಾಪ್ ಮಾತು, ಪಿಟೀಲು ಕೊಂಡಾಗಿನ ರಸೀದಿ ಎಲ್ಲವನ್ನೂ ಆ ರಾಜ್ಯದ ಠಾಣೆಗೆ ಮಿಂಚಂಚೆಯಲ್ಲಿ ಮೂರು ಸಲ ಕಳುಹಿಸಿದ ಮೇಲೆ, 16,000ವನ್ನು ಮಾತ್ರ ತಡೆದು ಉಳಿದ ಖಾತೆಯನ್ನು ಬಿಟ್ಟರು. ಆದ್ದರಿಂದ ಬಂದ ಹಣ ಎಷ್ಟು ಎಂಬುದಷ್ಟೇ ಅಲ್ಲ, ಯಾರ ಹೆಸರಿನಿಂದ ಬಂತು ಎಂಬುದನ್ನೂ ನೋಡಿ. ಎದುರಿಗಿರುವವರ ಗುರುತಿನ ಚೀಟಿಯ ಹೆಸರೂ ಹಣ ಕಳುಹಿಸಿದ ಹೆಸರೂ ಒಂದೇ ಇಲ್ಲದಿದ್ದರೆ ವಾದ್ಯ ಕೊಡಬೇಡಿ.

ಕೋಲಾರದ ಮೇಷ್ಟರು

ನಾನು ಹೇಳಿದ್ದೇ ನಿಜವಾಯಿತಲ್ಲ. ನಗದಾಗಿದ್ದರೆ ಈ ತಾಯಿಯ ಬಳೆ ಅಡವಿಗೆ ಹೋಗುತ್ತಿರಲಿಲ್ಲ.

ತಿಪಟೂರಿನಿಂದ

ಮೇಷ್ಟ್ರೇ, ನಿಮ್ಮ ಮೃದಂಗ ಕೊಂಡವರು ಮುಳಬಾಗಿಲಿನವರು, ಒಂದು ಗಂಟೆಯ ದಾರಿ. ಶಿವಮೊಗ್ಗದವರು 24,000 ನಗದು ಜೇಬಿನಲ್ಲಿಟ್ಟುಕೊಂಡು ರೈಲು ಹತ್ತಬೇಕೆ? ದಾರಿಯಲ್ಲಿ ಜೇಬು ಕತ್ತರಿಸಿದರೆ ಅದಕ್ಕೆ ನೀವು ಹೊಣೆಯೆ? ಪ್ರತಿಯೊಬ್ಬರ ಕಷ್ಟವನ್ನೂ ನಿಮ್ಮ ಗೆಲುವಿಗೆ ಸಾಕ್ಷಿ ಮಾಡಿಕೊಳ್ಳಬೇಡಿ.

ಕೋಲಾರದ ಮೇಷ್ಟರು

ಗೆಲುವಿನ ಮಾತಲ್ಲ. ನನ್ನ ಶಿಷ್ಯನೊಬ್ಬ ಘಟ ಮಾರಲು ಹೋಗಿ ಒಂದು ತಿಂಗಳ ಸಂಬಳ ಕಳೆದುಕೊಂಡು ಪಾಠಕ್ಕೆ ಬರುವುದನ್ನೇ ಬಿಟ್ಟ. ಅಂದಿನಿಂದ ನಾನು ಹೀಗೆ ಕಟ್ಟುನಿಟ್ಟಾದೆ. ಗೌರಿಬಿದನೂರಿನವರಿಗೆ ಆಡಿದ ಮಾತು ಒರಟಾಯಿತು, ಅದನ್ನು ಹಿಂದಕ್ಕೆ ಪಡೆಯುತ್ತೇನೆ. ನಗದಿನ ವಿಚಾರದಲ್ಲಿ ಮಾತ್ರ ನನ್ನ ಅಭಿಪ್ರಾಯ ಬದಲಾಗಿಲ್ಲ.

ಗುಬ್ಬಿಯಿಂದ, ವೀಣೆ ಮಾರಿದವರು

ಸಾಗಣೆಯ ಹೆಸರಿನಲ್ಲಿ ನಡೆಯುವ ಮೋಸವನ್ನು ಯಾರೂ ಹೇಳಲಿಲ್ಲ. ನನ್ನ ವೀಣೆಗೆ ಒಪ್ಪಿದವರು, ತಮ್ಮ ಕಡೆಯ ಸಾಗಣೆ ಕಂಪನಿ ಮನೆಗೆ ಬರುತ್ತದೆ ಎಂದರು. ಆ ಕಂಪನಿಯ ಹೆಸರಿನಲ್ಲಿ ಕರೆ ಮಾಡಿದವರು, ವಿಮೆಗೆಂದು 1,950 ಮೊದಲು ನೀವು ಕಟ್ಟಿ, ವೀಣೆಯ ಹಣದ ಜೊತೆ ವಾಪಸು ಬರುತ್ತದೆ ಎಂದರು. ಕಟ್ಟಿದೆ. ಮರುದಿನ ತೂಕ ಹೆಚ್ಚಾಗಿದೆ ಎಂದು 2,400 ಕೇಳಿದರು. ಅಲ್ಲಿ ನಿಲ್ಲಿಸಿದೆ. ವೀಣೆ ನಮ್ಮ ಹಜಾರದಲ್ಲಿಯೇ ಇರುವಾಗ ಅದನ್ನು ತೂಗಿದವರು ಯಾರು?

ಇನ್ನೊಂದು ವಿಷಯ. ಒಬ್ಬರು ಚೆಕ್ ಕೊಟ್ಟರು, ಅದು ಹಣವಿಲ್ಲದೆ ವಾಪಸಾಯಿತು. ಮೂವತ್ತು ದಿನದೊಳಗೆ ನೋಟಿಸು ಕೊಟ್ಟು, ಹದಿನೈದು ದಿನ ಕಾದು, ಚೆಕ್ಕುಗಳ ಕಾನೂನಾದ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೆಯ ಕಲಮಿನಡಿ ಮೊಕದ್ದಮೆ ಹೂಡಬಹುದೆಂದು ವಕೀಲರು ಹೇಳಿದರು. ನೋಟಿಸಿಗೇ 1,500 ಆಯಿತು, ಪುಣ್ಯಕ್ಕೆ ಅದನ್ನು ನೋಡಿಯೇ ಹಣ ಕಟ್ಟಿದರು. ಚೆಕ್ ನಗದಾಗುವವರೆಗೂ ವೀಣೆಯನ್ನು ಕೊಟ್ಟಿರಲಿಲ್ಲವಾದ್ದರಿಂದ ನನಗೆ ನಿದ್ದೆಯಾದರೂ ಬರುತ್ತಿತ್ತು.

ಗೌರಿಬಿದನೂರಿನಿಂದ

ಗುಬ್ಬಿಯವರೇ, ಆ 1,950 ರೂಪಾಯಿಯ ಬಗ್ಗೆ 1930 ಸಹಾಯವಾಣಿಗೆ ದೂರು ಕೊಟ್ಟಿರಾ? ಸಣ್ಣ ಮೊತ್ತವೆಂದು ಎಲ್ಲರೂ ಸುಮ್ಮನಾಗುವುದರಿಂದಲೇ ಅದೇ ಖಾತೆಯಲ್ಲಿ ಮತ್ತೊಬ್ಬರ ಹಣ ಬೀಳುತ್ತದೆ.

ಗುಬ್ಬಿಯಿಂದ

ಕೊಡಲಿಲ್ಲ, ಮನೆಯಲ್ಲಿ ಗೊತ್ತಾಗುತ್ತದೆ ಎಂದು ನಾಚಿಕೆಪಟ್ಟೆ. ತಡವಾದರೂ ಇಂದು ಕೊಡುತ್ತೇನೆ.

ತುಮಕೂರಿನ ಗೃಹಿಣಿ

ಎಲ್ಲರಿಗೂ ನಮಸ್ಕಾರ. ಸೈನ್ಯದ ಹೆಸರು ಹೇಳಿದವರಿಗೆ ಫೋನ್ ಮಾಡಿ, ಕೋಡ್ ಬೇಡ, ನನ್ನ ಖಾತೆ ಸಂಖ್ಯೆಗೆ ನೇರವಾಗಿ ಹಾಕಿ ಎಂದೆ. ಸೈನ್ಯದ ಲೆಕ್ಕದಲ್ಲಿ ಹಾಗೆ ಬರುವುದಿಲ್ಲ, ನೀವು ಸ್ಕ್ಯಾನ್ ಮಾಡಲೇಬೇಕು ಎಂದು ಗದರಿದರು. ಗೌರಿಬಿದನೂರಿನವರು ಬರೆದ ಹತ್ತು ರೂಪಾಯಿಯ ಮಾತನ್ನೂ ಆಡಿದರು. ಕರೆಯನ್ನು ಅಲ್ಲಿಗೇ ಕಡಿದು, ಆ ಸಂಖ್ಯೆಯನ್ನೂ ಕೋಡಿನ ಚಿತ್ರವನ್ನೂ ಸೈಬರ್ ಅಪರಾಧದ ಪೋರ್ಟಲಿನಲ್ಲಿ ದಾಖಲಿಸಿದ್ದೇನೆ.

ಶಿವಮೊಗ್ಗದವರು ಭಾನುವಾರ ಮಗಳನ್ನು ಕರೆದುಕೊಂಡು ರೈಲಿನಲ್ಲಿ ಬರುತ್ತಾರೆ. ಹಣವನ್ನು ತಂದೆಯ ಹೆಸರಿನ ಖಾತೆಯಿಂದಲೇ, ಆ ಹುಡುಗಿ ವೀಣೆ ನುಡಿಸಿ ನೋಡಿದ ಮೇಲೆ, ನಮ್ಮ ಮನೆಯಲ್ಲಿಯೇ ಕುಳಿತು ಹಾಕಬೇಕೆಂದು ಹೇಳಿದೆ, ಒಪ್ಪಿದ್ದಾರೆ. ಸಡಿಲವಾದ ಎರಡು ಮೆಟ್ಟಿಲುಗಳ ವಿಷಯವನ್ನೂ ಮುಚ್ಚಿಡದೆ ತಿಳಿಸಿದೆ, ಮೇಣ ಹಾಕಿಸಲು 1,000 ಬಿಟ್ಟಿದ್ದೇನೆ. ಕೋಲಾರದ ಮೇಷ್ಟ್ರೇ, ಭಾನುವಾರ ಬ್ಯಾಂಕು ಇರುವುದಿಲ್ಲ, ಅದಕ್ಕಾಗಿ ನೀವು ಬೇಸರಪಡಬಾರದು.