ಸೊಂಗ್ ಕಾಲದ ಚೀನೀ ಮಾಡಿನ ಬಾಗು: ಲೆಕ್ಕದ ಪ್ರಕಾರ ಮಾಡಿದರೂ ನಡುವೆ ಉಬ್ಬು ಏಕೆ?

ಮಾದರಿ_ಮರ:
ಸೊಂಗ್ ಕಾಲದ ಐದು ಅಂಕಣದ ದೊಡ್ಡ ಮಂದಿರದ ಮಾದರಿಯನ್ನು 1:20ರಲ್ಲಿ ಕಟ್ಟುತ್ತಿದ್ದೇನೆ. ಲಿ ಜಿಯೆಯ ‘ಯಿಂಗ್‌ಝಾವೊ ಫಾಶಿ’ಯ (1103ರ ಕಟ್ಟಡ ನಿರ್ಮಾಣ ಗ್ರಂಥ) ನಿಯಮವನ್ನೇ ಹಿಡಿದಿದ್ದೇನೆ. ನಿಜ ಅಳತೆಯಲ್ಲಿ ಮುಂದಿನ ಸೂರುತೊಲೆಯಿಂದ ಹಿಂದಿನದಕ್ಕೆ 12 ಮೀಟರ್. ಅದರ ಮೂರನೇ ಒಂದು ಪಾಲು, ಅಂದರೆ 4 ಮೀಟರ್ ಎತ್ತರಕ್ಕೆ ನೆತ್ತಿತೊಲೆ. ಒಂದು ಪಕ್ಕದಲ್ಲಿ ನೆತ್ತಿಗೂ ಸೂರಿಗೂ ನಡುವೆ ಮೂರು ಅಡ್ಡತೊಲೆ, 1.5 ಮೀಟರಿಗೊಂದರಂತೆ. ನೆತ್ತಿಯಿಂದ ಸೂರಿಗೆ ನೇರ ಗೆರೆ ಎಳೆದು, ಆ ಗೆರೆಯಿಂದ ತೊಲೆಗಳನ್ನು ಕ್ರಮವಾಗಿ 40, 20, 10 ಸೆಂ.ಮೀ. ತಗ್ಗಿಸಿದೆ. ಎತ್ತರ 2.60, 1.80, 0.90 ಮೀಟರ್ ಬಂತು. ಆದರೆ ಮಾಡು ನಡುವೆ ಹೊಟ್ಟೆ ಬಿಟ್ಟಂತೆ ಕಾಣುತ್ತಿದೆ. ಪಕಾಸುಗಳನ್ನೇ ಬಗ್ಗಿಸಬೇಕಿತ್ತೇ?

ಸೂರುತೊಲೆ:
ಪಕಾಸು ಬಗ್ಗಿಸಬೇಡಿ, ತಪ್ಪು ಅಲ್ಲಿಲ್ಲ. ನೀವು ಮೂರೂ ತೊಲೆಗಳನ್ನು ಮೊದಲ ಗೆರೆಯಿಂದಲೇ ಇಳಿಸಿದ್ದೀರಿ. ನಿಮ್ಮ ಅಂಕಿಗಳ ಇಳಿಜಾರು ನೋಡಿ: ಮೇಲಿನ ತುಂಡು 0.93, ಎರಡನೆಯದು 0.53, ಆಮೇಲಿನ ಎರಡೂ 0.60. ಕೆಳಗೆ ಬಂದಂತೆ ಸಮತಟ್ಟಾಗಬೇಕಾದ ಮಾಡು ಎರಡನೇ ತೊಲೆಯ ಬಳಿ ಮತ್ತೆ ಕಡಿದಾಗುತ್ತಿದೆ. ನಿಮಗೆ ಕಾಣುವ ಹೊಟ್ಟೆ ಅದೇ.

ಒಂದು ತೊಲೆ ಇಳಿಸಿದ ಮೇಲೆ ಹಳೆಯ ಗೆರೆಯನ್ನು ಬಿಟ್ಟುಬಿಡಬೇಕು. ಇಳಿಸಿದ ಬಿಂದುವಿನಿಂದ ಸೂರುತೊಲೆಗೆ ಹೊಸ ಗೆರೆ, ಮುಂದಿನ ತಗ್ಗು ಆ ಗೆರೆಯಿಂದ. ತಗ್ಗು ಒಟ್ಟು ಎತ್ತರದ ಹತ್ತನೇ ಒಂದು, ಆಮೇಲೆ ಪ್ರತಿ ಸಲ ಅದರರ್ಧ:

ಮೊದಲ ತೊಲೆ: 3.00 − 0.40 = 2.60 ಮೀ.
ಎರಡನೆಯದು: ಹೊಸ ಗೆರೆಯ ಮೇಲೆ 1.733, − 0.20 = 1.533 ಮೀ.
ಮೂರನೆಯದು: ಮತ್ತೆ ಹೊಸ ಗೆರೆ, 0.767, − 0.10 = 0.667 ಮೀ.

ಈಗ ಇಳಿಜಾರು 0.93, 0.71, 0.58, 0.44. ಕೋನದಲ್ಲಿ ಸುಮಾರು 43, 35, 30, 24 ಡಿಗ್ರಿ. ಇವೆಲ್ಲ ತೊಲೆಯ ಮೇಲ್ಮೈಯ ಎತ್ತರಗಳು, ನಟ್ಟನಡುವಿನವಲ್ಲ. ತೊಲೆಗಳ ದಪ್ಪ ಬೇರೆಬೇರೆಯಿದ್ದರೆ ಇಲ್ಲೇ ಕೆಲವು ಮಿ.ಮೀ. ತಪ್ಪುತ್ತದೆ.

ಮರ ಕತ್ತರಿಸುವ ಮುಂಚೆ ಗ್ರಂಥ ಹೇಳುವಂತೆ ಅಡ್ಡನೋಟವನ್ನು 1:10ರಲ್ಲಿ ಗೋಡೆಯ ಮೇಲೆ ಬರೆದುಕೊಳ್ಳಿ. ಅಷ್ಟು ದೊಡ್ಡದಾಗಿ ಬರೆದರೆ ಕಣ್ಣೇ ತಪ್ಪು ಹಿಡಿಯುತ್ತದೆ.

ದೊಗೊಂಗ್_ಬಂಧು:
ಮೇಲಿನ ಲೆಕ್ಕ ಸರಿ. ಪಕಾಸುಗಳ ಬಗ್ಗೆ ಒಂದು ಮಾತು: ಚೀನೀ ಮಾಡಿನಲ್ಲಿ ನೆತ್ತಿಯಿಂದ ಸೂರಿನವರೆಗೆ ಒಂದೇ ಉದ್ದದ ಪಕಾಸು ಇರುವುದಿಲ್ಲ. ಒಂದು ತೊಲೆಯಿಂದ ಇನ್ನೊಂದಕ್ಕೆ ನೇರವಾದ ಗಿಡ್ಡ ತುಂಡುಗಳು, ತೊಲೆಯ ಮೇಲೆ ಅವುಗಳ ಕೂಡಿಕೆ. ಆ ಮುರಿವುಗಳನ್ನು ಹೆಂಚಿನಡಿಯ ಮಣ್ಣು ತುಂಬಿ ಬಾಗಾಗಿಸುತ್ತದೆ. ಮಾದರಿಯಲ್ಲಿ ಮಣ್ಣಿನ ಪದರ ಬಿಟ್ಟರೆ ಮೂಲೆಮೂಲೆಯಾಗಿಯೇ ಉಳಿಯುತ್ತದೆ, ಅದೊಂದನ್ನು ಮರೆಯಬೇಡಿ.

ಆ 12 ಮೀಟರ್ ಎಲ್ಲಿಂದ ಎಲ್ಲಿಗೆ ಅಳೆದಿದ್ದೀರಿ? ಕಂಬದ ಮೇಲಿನ ದೊಗೊಂಗ್ (ಸೂರು ಹೊರುವ ಮರದ ಜೋಡಣೆ) ಚಾಚುಗಳು ಹೊರಗೆ ಬಂದಿದ್ದರೆ, ಅವುಗಳ ತುದಿಯಲ್ಲಿ ಕೂರುವ ಸೂರುತೊಲೆಯಿಂದ ಅಳೆಯಬೇಕು. ಚಾಚು ಇಲ್ಲದ ಕಟ್ಟಡಕ್ಕೆ ಮಾತ್ರ ಕಂಬದಿಂದ ಕಂಬಕ್ಕೆ. ಇನ್ನು ಮೂರನೇ ಒಂದು ಪಾಲು ದೊಡ್ಡ ಮಂದಿರಕ್ಕೆ ಮಾತ್ರ. ಕೊಳವೆ ಹೆಂಚಿನ ಸಾಧಾರಣ ಸಭಾಗೃಹಕ್ಕೆ ನಾಲ್ಕನೇ ಒಂದು ಪಾಲು, ಆ ಪಾಲಿಗೆ ನೂರಕ್ಕೆ ಎಂಟು ಸೇರಿಸಿ: 12 ಮೀಟರಿಗೆ 3.24. ತಾಂಗ್ ಕಾಲದ್ದು ಇನ್ನೂ ತಗ್ಗು. ಶಾನ್‌ಷಿಯ ವುತಾಯ್ ಬೆಟ್ಟದ ಫೊಗುವಾಂಗ್ ದೇಗುಲದ ಪೂರ್ವ ಮಂದಿರದಲ್ಲಿ (857) ಎತ್ತರ ಅಗಲದ ಕಾಲುಭಾಗವೂ ಇಲ್ಲ. ಅದರ ವಿಶಾಲ ಸೂರಿನ ಗಾಂಭೀರ್ಯಕ್ಕೆ ಆ ತಗ್ಗೇ ಕಾರಣ ಎಂಬುದು ನನ್ನ ಗಟ್ಟಿ ನಂಬಿಕೆ.

ಅಂಕಣ5:
ಬೀಜಿಂಗಿನ, ಎಷ್ಟೋ ಆಮೇಲಿನ ಛಿಂಗ್ ಕಾಲದ ಚಿತ್ರಗಳನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸಬೇಡಿ. ಅವರ ಲೆಕ್ಕ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಒಂಬತ್ತು ತೊಲೆಯ ಮಾಡಿಗೆ ಇಳಿಜಾರು ಸೂರಿನಿಂದ 0.50, 0.65, 0.75, 0.90. ನಿಮ್ಮ 1.5 ಮೀಟರಿಗೆ ಹಾಕಿದರೆ ಒಟ್ಟು 4.20 ಮೀ. ಸೊಂಗ್ ಬಡಗಿ ಒಟ್ಟು ಎತ್ತರ ಮೊದಲು ನಿಶ್ಚಯಿಸಿ ಕೆಳಗಿಳಿಯುತ್ತಾನೆ. ಛಿಂಗ್ ಬಡಗಿಗೆ ಎತ್ತರ ಕೊನೆಯಲ್ಲಿ ಸಿಗುತ್ತದೆ. ಎರಡನ್ನೂ ಬೆರೆಸಿದರೆ ನೆತ್ತಿ ಕೂಡುವುದಿಲ್ಲ.

ಮಾದರಿ_ಮರ:
ಹೊಸ ಗೆರೆಗಳಿಂದ ಬರೆದೆ, ಹೊಟ್ಟೆ ಹೋಯಿತು. ಅಳತೆ ಸೂರುತೊಲೆಯಿಂದಲೇ ಇದೆ. ಮೂಲೆಗಳು ಮೇಲೆದ್ದಂತೆ ಕಾಣಲು ಸೂರಿನ ಪಕಾಸು ಎತ್ತಿದರೆ ಸಾಕೇ?

ಸೂರುತೊಲೆ:
ಸಾಲದು, ಏರು ಕಂಬದಿಂದಲೇ ಶುರುವಾಗಬೇಕು. ಐದು ಅಂಕಣಕ್ಕೆ ಮುಂಭಾಗದಲ್ಲಿ ಆರು ಕಂಬ. ನಡುವಿನ ಎರಡು ಸಮ, ಅವುಗಳ ಆಚೀಚಿನವು ನಡುವಿನವಕ್ಕಿಂತ 2 ತ್ಸುನ್ ಹೆಚ್ಚು ಎತ್ತರ, ಮೂಲೆಯವು 4 ತ್ಸುನ್ ಹೆಚ್ಚು. ಹತ್ತು ತ್ಸುನ್‌ಗೆ ಒಂದು ಚಿ. ಸೊಂಗ್ ಚಿ ಸುಮಾರು 31 ಸೆಂ.ಮೀ. ಹಾಗಾಗಿ ನಿಮ್ಮ ಮಾದರಿಯಲ್ಲಿ ಸುಮಾರು 3 ಮತ್ತು 6 ಮಿ.ಮೀ. ಮೂಲೆಯ ಕಂಬವೊಂದನ್ನೇ ಎತ್ತಿದರೆ ಸೂರಿನ ಗೆರೆ ಕೊನೆಯ ಅಂಕಣದಲ್ಲಿ ತಟ್ಟನೆ ಮುರಿಯುತ್ತದೆ.

ಜೊತೆಗೆ ಕಂಬಗಳ ತಲೆ ಒಳಕ್ಕೆ ವಾಲಬೇಕು: ಮುಂಭಾಗದಲ್ಲಿ ಎತ್ತರದ ನೂರಕ್ಕೆ 1, ಪಕ್ಕದಲ್ಲಿ ನೂರಕ್ಕೆ 0.8. ಐದು ಮೀಟರ್ ಕಂಬಕ್ಕೆ 1:20ರಲ್ಲಿ 2.5 ಮತ್ತು 2 ಮಿ.ಮೀ. ಮೂಲೆಯ ಕಂಬ ಎರಡೂ ಕಡೆಗೆ ವಾಲುತ್ತದೆ. ನಕ್ಷೆಯ ಅಳತೆ ಕಂಬದ ತಲೆಗಳದ್ದು ಎಂದಿಟ್ಟುಕೊಂಡು ಬುಡವನ್ನು ಹೊರಕ್ಕೆ ಸರಿಸಿ. ತಲೆಯನ್ನು ಒಳಕ್ಕೆ ತಳ್ಳಿದರೆ ನಕ್ಷೆಯಂತೆ ಕತ್ತರಿಸಿದ ತೊಲೆಗಳು ಬೇಕಾದ್ದಕ್ಕಿಂತ ಉದ್ದವಾಗಿಬಿಡುತ್ತವೆ. ಕೊನೆಯ ಅಂಕಣದ ಅಡ್ಡತೊಲೆಗಳ ಮೇಲೆ, ಹೊರತುದಿಗೆ ದಪ್ಪವಾಗುವ ಉದ್ದನೆಯ ಬೆಣೆ ಇಟ್ಟು, ಆಮೇಲೆ ಪಕಾಸು ಕೂರಿಸಿ.