ಪದ ಬೇಕು: ‘ಡೈನಮಿಕ್ ಬ್ಯಾಂಡ್‌ವಿಡ್ತ್ ಮ್ಯಾನೇಜ್‌ಮೆಂಟ್’ (ತುರ್ತು)

ಗೆಳೆಯರೇ,
ವಿಸ್ಯಾಟ್ (ಚಿಕ್ಕ ಡಿಶ್‌ಗಳ ಉಪಗ್ರಹ ಸಂಪರ್ಕ) ಜಾಲದ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಗ್ಗೆ ಅಚ್ಚಿಗೆ ಹೋಗಬೇಕು, ಒಂದು ಅಧ್ಯಾಯದ ಹೆಸರಲ್ಲೇ ಸಿಕ್ಕಿಬಿದ್ದಿದ್ದೇನೆ. ಕಂಪ್ಯೂಟರ್ ಅನುವಾದ ‘ಕ್ರಿಯಾತ್ಮಕ ಬ್ಯಾಂಡ್‌ವಿಡ್ತ್ ನಿರ್ವಹಣೆ’ ಅನ್ನುತ್ತದೆ. ವಿಷಯ ಇಷ್ಟು: ನೂರಾರು ಕಡೆಯ ಡಿಶ್‌ಗಳು ಒಂದೇ ಉಪಗ್ರಹದ ಮೂಲಕ ಹಬ್ (ಜಾಲದ ಮುಖ್ಯ ಕೇಂದ್ರ) ಜೊತೆ ಮಾತಾಡುತ್ತವೆ. ಯಾರಿಗೆ ಎಷ್ಟು ಬ್ಯಾಂಡ್‌ವಿಡ್ತ್ (ಡೇಟಾ ಸಾಗಿಸುವ ಸಾಮರ್ಥ್ಯ) ಬೇಕು ಅಂತ ಹಬ್ ಆಗಾಗ ಲೆಕ್ಕ ಹಾಕಿ ಕೊಡುತ್ತದೆ, ಕೆಲಸ ಮುಗಿದರೆ ವಾಪಸ್ ತೆಗೆದುಕೊಳ್ಳುತ್ತದೆ. ದಯವಿಟ್ಟು ಒಂದು ಪದ ಹೇಳಿ.

ಮರು:
‘ಕ್ರಿಯಾತ್ಮಕ’ ಬೇಡವೇ ಬೇಡ. ಉಳಿದ ಬ್ಯಾಂಡ್‌ವಿಡ್ತ್ ಎಲ್ಲ ಸೋಮಾರಿಯೇ? ‘ಮಾರ್ಪಡುವ ಪಟ್ಟೆಯಗಲದ ಹಂಚಿಕೆ’ ಅನ್ನಿ. ಅಚ್ಚಗನ್ನಡ.

ಮರು:
ಸರ್, ನಾನು ಈ ಕೆಲಸದಲ್ಲೇ ಇರುವವನು. ಟ್ರಾನ್ಸ್‌ಪಾಂಡರ್ (ಉಪಗ್ರಹದಲ್ಲಿ ಸಂಕೇತ ಪಡೆದು ಮರಳಿ ಕಳಿಸುವ ಸಾಧನ) 36 ಮೆಗಾಹರ್ಟ್ಸ್ ಅಂದಾಗ ಅದು ಫ್ರೀಕ್ವೆನ್ಸಿ ಪಟ್ಟೆಯ ಅಗಲ, ಒಪ್ಪಿದೆ. ಆದರೆ ಡಿವಿಬಿ-ಆರ್‌ಸಿಎಸ್ (ಡಿಶ್‌ಗಳೂ ಉಪಗ್ರಹದ ಮೂಲಕ ಮರಳಿ ಕಳಿಸುವ ಜಾಲಗಳ ಮಾನದಂಡ) ಥರದ ಜಾಲದಲ್ಲಿ ಡಿಶ್‌ಗಳಿಗೆ ಹಬ್ ಹಂಚುವುದು ಹೊತ್ತನ್ನು. ಈ ಫ್ರೀಕ್ವೆನ್ಸಿಯಲ್ಲಿ ಇಷ್ಟು ಮಿಲಿಸೆಕೆಂಡು ನಿನ್ನದು ಅಂತ. ಡಿಶ್ ಮೊದಲು ಕೇಳಬೇಕು. ಉಪಗ್ರಹ ಇರುವುದು ಸುಮಾರು 36,000 ಕಿ.ಮೀ. ಮೇಲೆ. ಕೇಳಿದ್ದು ಹಬ್ ಮುಟ್ಟಿ ಉತ್ತರ ಬರುವಷ್ಟರಲ್ಲಿ ಅರ್ಧ ಸೆಕೆಂಡು ಹೋಗಿರುತ್ತದೆ. ಅದಕ್ಕೇ ಎಲ್ಲವನ್ನೂ ಕೇಳಿದ ಮೇಲೆ ಕೊಡುವುದಿಲ್ಲ. ಫೋನ್ ಕರೆಗೆ ಒಂದು ಪಾಲು ಕಾಯಂ. ಫೈಲ್ ಕಳಿಸುವವರಿಗೆ ಕೇಳಿದಷ್ಟು. ಮಿಕ್ಕಿದ್ದು ಕೇಳದವರಿಗೂ ಬಿಟ್ಟಿ. ಇದರಲ್ಲಿ ‘ಮಾರ್ಪಡುವುದು’ ಅಗಲ ಅಲ್ಲ, ಪಾಲು.

ಮರು:
ಹೊತ್ತಿನ ಹಂಚಿಕೆ ಅಂದ್ರಲ್ಲ, ಅದಕ್ಕೆ ಕೋಲಾರದ ಕಡೆ ಹಳೇ ಪದವೇ ಇದೆ: ನೀರುಗಂಟಿ. ಕೆರೆಯ ತೂಬು ತೆಗೆದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡಿಕೊಳ್ಳುವವನು. ಹಬ್ ಮಾಡುವುದೂ ಅದೇ ಅಲ್ವಾ? ಹಬ್‌ಗೆ ‘ಅಲೆಗಂಟಿ’, ಅದರ ಕೆಲಸಕ್ಕೆ ‘ಅಲೆಗಂಟಿಕೆ’. ಇದಕ್ಕಿಂತ ಒಳ್ಳೆಯದು ಸಿಗಲ್ಲ.

ಮರು:
ನಮ್ಮ ಕುಂದಾಪುರದ ಕಡೆ ಗಂಟಿ ಅಂದರೆ ದನ. ‘ಅಲೆಗಂಟಿ’ಯನ್ನು ಬೀಡಾಡಿ ದನ ಅಂತಲೇ ಓದಿಕೊಳ್ಳುತ್ತಾರೆ.

ಮರು:
ನಗಬೇಡಿ. ಪದ ಕಟ್ಟುವವರನ್ನು ಹೀಗೆ ನಕ್ಕು ನಕ್ಕೇ ಓಡಿಸಿದ್ದೀರಿ.

ಮರು:
ಹಬ್, ಡಿಶ್, ಫೋನ್ ಎಲ್ಲ ಒಳಗೆ ಬಂದು ಕೂತಿವೆ. ಬ್ಯಾಂಡ್‌ವಿಡ್ತ್ ಒಂದಕ್ಕೇ ಯಾಕೆ ಮಡಿ? ಮೇಲಿನ ‘ವಾಪಸ್’ ಪಾರಸಿಯದು, ‘ಕಾಯಂ’ ಅರಬ್ಬಿಯದು. ಅವನ್ನೂ ತೊಳೀತೀರಾ?

ಮರು:
ಅವು ಬಂದು ನೂರಾರು ವರ್ಷ ಆಯಿತು. ಹಳೇ ಸಾಲ ತೋರಿಸಿ ಹೊಸ ಸಾಲ ಕೇಳಬೇಡಿ.

ಮರು:
ಎಲ್ಲರಿಗೂ ಥ್ಯಾಂಕ್ಸ್. ‘ಬೇಡಿಕೆಗೆ ತಕ್ಕಂತೆ ಬ್ಯಾಂಡ್‌ವಿಡ್ತ್ ಹಂಚಿಕೆ’ ಅಂತ ಹಾಕಿ ಕಳಿಸಿಬಿಟ್ಟೆ. ನೀರುಗಂಟಿಯ ಹೋಲಿಕೆ ಇಷ್ಟವಾಯಿತು, ಮೊದಲ ಪ್ಯಾರಾದಲ್ಲೇ ಬಳಸಿದ್ದೇನೆ. ಅಲೆಗಂಟಿ ಮಾತ್ರ ಧೈರ್ಯ ಬರಲಿಲ್ಲ, ಕ್ಷಮಿಸಿ.

ಮರು:
‘ತಕ್ಕಂತೆ’ ಬಂದರೆ ಮುಂದೆ ‘ಹಂಚುವುದು’ ಬರಬೇಕು. ‘ಹಂಚಿಕೆ’ ಅಲ್ಲ. ಕಳಿಸುವ ಮುಂಚೆ ಕೇಳಬಾರದಿತ್ತೇ?